ಫೀ ತೀರಿತು, ಋಣ?

ಸಂಜೆ ಏಳರ ಹೊತ್ತಿಗೆ ಬೊರಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಯಾರೂ ಯಾರಿಗಾಗಿಯೂ ನಿಲ್ಲುವುದಿಲ್ಲ; ನಿಂತರೆ ಹಿಂದಿನವರು ಸುಮ್ಮನೆ ಬಿಡುವುದೂ ಇಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಅಲ್ಲಿ ಒಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿದರು. ನೋಡಿದರೆ, ನನ್ನ ಮಗನಿಗೆ ನಾಲ್ಕು ವರ್ಷ ಫುಟ್‌ಬಾಲ್ ಕಲಿಸಿದ ಕೋಚ್. ಅವರಿಗೆ ಯಾವುದೋ ಕಂಪನಿಯಲ್ಲಿ ನೌಕರಿ. ಬೆಳಗ್ಗೆ ಆರರಿಂದ ಏಳೂವರೆಯ ತನಕ ಮೈದಾನದಲ್ಲಿ ಹುಡುಗರ ಜೊತೆ, ಆಮೇಲೆ ಓಡಿಹೋಗಿ ಲೋಕಲ್ ಹಿಡಿಯುವುದು.

“ಹುಡುಗ ಹೇಗಿದ್ದಾನೆ?” ಎಂದು ಮರಾಠಿಯಲ್ಲಿ ಕೇಳಿದರು.

“ಚೆನ್ನಾಗಿದ್ದಾನೆ” ಎಂದೆ.

“ಅವನ ಎಡಗಾಲಿನ ಕೀಲು ಸ್ವಲ್ಪ ನಾಜೂಕು. ಹೊಸ ಸರ್‌ಗೆ ಹೇಳಿದ್ದೀರಲ್ಲ? ಗಟ್ಟಿ ನೆಲದ ಮೇಲೆ ಆಡುವಾಗ ಪಟ್ಟಿ ಕಟ್ಟಲಿ.”

ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಹೆತ್ತ ತಂದೆಯಾದ ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು ಮಗನನ್ನು ಮೇಲ್ಛಾವಣಿಯಿರುವ ಟರ್ಫಿನ ದೊಡ್ಡ ಅಕಾಡೆಮಿಯೊಂದಕ್ಕೆ ಸೇರಿಸಿದ್ದೆ. ಈ ಕೋಚ್‌ಗೆ ಒಂದು ಮಾತೂ ಹೇಳಿರಲಿಲ್ಲ. ಕೊನೆಯ ತಿಂಗಳ ಫೀ ಕೊಟ್ಟಾಗಿತ್ತು, ಮತ್ತೇನು ಬಾಕಿ? ನಮ್ಮ ಆಫೀಸಿನಲ್ಲಿ ಯಾರಾದರೂ ನಿವೃತ್ತರಾದರೆ ಲೈಬ್ರರಿ, ಸ್ಟೋರು, ಲೆಕ್ಕಪತ್ರ ವಿಭಾಗಗಳೆಲ್ಲ ‘ಬಾಕಿ ಇಲ್ಲ’ ಎಂದು ಸಹಿ ಹಾಕುತ್ತವೆ. ಅಂಥದೊಂದು ಸಹಿಯನ್ನು ನನಗೆ ನಾನೇ ಹಾಕಿಕೊಂಡಿದ್ದೆ. ಸೇತುವೆಯ ಮೇಲಿನ ಆ ಭೇಟಿಯಿಂದೀಚೆಗೆ ಆ ಸಹಿಯ ಬಗ್ಗೆ ನನಗೆ ಸಂಶಯ.

ಛಾವಣಿಯ ಕೆಳಗೆ ಆಡುವ ಐದು ಜನರ ಫುಟ್‌ಬಾಲಿಗೆ ಫುಟ್ಸಾಲ್ ಎಂದು ಹೆಸರು. ಅಂಗಳ ಚಿಕ್ಕದು, ಚೆಂಡಿನ ಪುಟಿತ ಕಡಿಮೆ. ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಕಳಿಸಬಹುದು, ಹೊರಗೆ ಕರೆಯಬಹುದು. ಆದ್ದರಿಂದ ಕೋಚ್‌ನ ಪಾಲಿಗೆ ಪ್ರತಿ ನಿಮಿಷವೂ ಒಂದು ನಿರ್ಧಾರ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ವೃತ್ತಿಪರ ಪಂದ್ಯಾವಳಿ ನಮ್ಮ ದೇಶದಲ್ಲಿ ನಡೆದಾಗ ಗೆದ್ದದ್ದು ಮುಂಬಯಿ ತಂಡವೇ. ನಮ್ಮ ಕಟ್ಟಡದ ಹುಡುಗರನ್ನು ಕೇಳಿ: ಆ ತಂಡದಲ್ಲಿ ಆಡಿದ ರಯಾನ್ ಗಿಗ್ಸ್ ಹೆಸರು ನಾಲಿಗೆಯ ತುದಿಯಲ್ಲಿದೆ. ಬೆಂಚಿನ ಬಳಿ ನಿಂತು ಆಡಿಸಿದವನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಹುಡುಗರನ್ನೇಕೆ ಅನ್ನಬೇಕು? ಛಾವಣಿಯ ಕೆಳಗಿನ ಇನ್ನೊಂದು ಆಟ, ನಮ್ಮದೇ ಮಣ್ಣಿನ ಕಬಡ್ಡಿಯನ್ನೇ ನೋಡೋಣ. 2019ರ ಜನವರಿ 5ರಂದು ವರಳಿಯ ಒಳಾಂಗಣದಲ್ಲಿ ಪ್ರೊ ಕಬಡ್ಡಿಯ ಫೈನಲ್. ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಿಂದ ಸೋಲಿಸಿತು. ಅಂದು ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಮುಂಬಯಿಯ ಕನ್ನಡಿಗರು ಎಷ್ಟು ದಿನ ಆ 22ರ ಮಾತಾಡಿದೆವು! ತಂಡದ ಕೋಚ್ ರಣಧೀರ್ ಸಿಂಗ್ ಅವರನ್ನಾಗಲಿ, ಅವರ ಜೊತೆಗಿದ್ದ ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಅವರನ್ನಾಗಲಿ ನೆನೆದವರು ಎಷ್ಟು ಮಂದಿ? ರಮೇಶ್ 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಅದೇ 2019ರ ಅಕ್ಟೋಬರಿನಲ್ಲಿ ಅವರ ತರಬೇತಿಯಲ್ಲಿ ಬಂಗಾಳದ ತಂಡ ಗೆದ್ದಿತು; 2024ರ ಮಾರ್ಚಿನಲ್ಲಿ ಪುಣೆಯ ತಂಡ ಗೆದ್ದಿತು. 2025ರಲ್ಲಿ ಅವರು ಮತ್ತೆ ಬೆಂಗಳೂರು ತಂಡಕ್ಕೆ ಕೋಚ್ ಆದರು.

ನನ್ನ ಸಂಶಯವನ್ನು ಲೋಕಲ್ ಗಾಡಿಯ ಗೆಳೆಯರೊಬ್ಬರ ಮುಂದಿಟ್ಟಾಗ ಅವರು ಇದೇ ಉದಾಹರಣೆಯನ್ನು ನನಗೆ ತಿರುಗಿಸಿ ಹೇಳಿದರು: “ನೋಡಿ, ಕೋಚ್‌ಗಳೇ ವರ್ಷಕ್ಕೊಂದು ತಂಡ ಬದಲಿಸುತ್ತಾರೆ. ನಿನ್ನೆ ಕಲಿಸಿದವರನ್ನೇ ಇಂದು ಸೋಲಿಸಲು ಉಪಾಯ ಹೂಡುತ್ತಾರೆ. ಅದು ಅವರ ವೃತ್ತಿ, ಯಾರೂ ದ್ರೋಹ ಎನ್ನುವುದಿಲ್ಲ. ನೀವು ಕೋಚ್ ಬದಲಿಸಿದರೆ ಮಾತ್ರ ತಪ್ಪೆ?”

ಈ ಮಾತಿನಲ್ಲಿ ಸತ್ಯವಿದೆ. ಬಿಟ್ಟುಹೋಗುವುದೇ ಕೃತಘ್ನತೆಯಾದರೆ, ಅಕ್ಷರ ಕಲಿಸಿದ ಊರನ್ನು ಬಿಟ್ಟು ಬಂದ ನಾವೆಲ್ಲರೂ ಕೃತಘ್ನರೇ. ಹಾಗೆಂದೇ ಗುರುವಾದವನು ಶಿಷ್ಯನನ್ನು ಕಟ್ಟಿಹಾಕುವಂತಿಲ್ಲ. ಕೇಂದ್ರ ಸರಕಾರ 1985ರಿಂದ ಶ್ರೇಷ್ಠ ತರಬೇತುದಾರರಿಗೆ ಒಂದು ಪ್ರಶಸ್ತಿ ಕೊಡುತ್ತಿದೆ. ಪಿ. ಟಿ. ಉಷಾ ಅವರನ್ನು ಬೆಳೆಸಿದ ಓ. ಎಂ. ನಂಬಿಯಾರ್ ಮೊದಲ ವರ್ಷವೇ ಅದನ್ನು ಪಡೆದವರಲ್ಲಿ ಒಬ್ಬರು. ಆ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರು. ಅರ್ಜುನನಿಗೆ ಕಲಿಸಿದ ದ್ರೋಣರು ದೊಡ್ಡವರೇ. ಆದರೆ ತಾವು ಕಲಿಸದೆ ಇದ್ದ ಏಕಲವ್ಯನ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದವರೂ ಅವರೇ. ವಿದ್ಯೆಯ ಮೇಲೆ ಗುರು ಸ್ವಾಮ್ಯ ಹೂಡಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ಹೆಬ್ಬೆರಳೇ ಸಾಕ್ಷಿ.

ಹಾಗಾದರೆ ಗೆಳೆಯರು ಗೆದ್ದಂತಾಯಿತೆ? ನನಗೆ ಹಾಗೆ ತೋರುವುದಿಲ್ಲ. ಗುರುವಿಗೆ ಕೇಳುವ ಹಕ್ಕಿಲ್ಲ ಎಂದ ಮಾತ್ರಕ್ಕೆ ಶಿಷ್ಯನಿಗೆ ಕೊಡುವ ಹೊಣೆಯಿಲ್ಲ ಎಂದಾಗುವುದಿಲ್ಲ. ನಾನು ಫೀ ಕೊಟ್ಟದ್ದು ದಿನಕ್ಕೆ ಒಂದೂವರೆ ಗಂಟೆಯ ಪಾಠಕ್ಕೆ. ಇಪ್ಪತ್ತು ಹುಡುಗರ ನಡುವೆ ಒಬ್ಬನ ಎಡಗಾಲು ನಾಜೂಕೆಂದು ಕಂಡುಕೊಂಡು, ಅವನು ಬಿಟ್ಟುಹೋಗಿ ವರ್ಷ ಕಳೆದ ಮೇಲೂ ಅದನ್ನು ನೆನಪಿಟ್ಟದ್ದಕ್ಕೆ ಯಾವ ರಸೀದಿಯಲ್ಲಿ ಹಣ ಕೊಟ್ಟಿದ್ದೆ? ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದುವಾಗ ವೇಗವರ್ಧಕದ ಪಾಠವಿತ್ತು. ಅದು ಕ್ರಿಯೆಯನ್ನು ನಡೆಸಿಕೊಡುತ್ತದೆ, ಕೊನೆಗೆ ತಾನು ಮಾತ್ರ ಮೊದಲಿನಷ್ಟೇ ಉಳಿಯುತ್ತದೆ. ಕೋಚ್‌ಗಳೂ ಹಾಗೆಯೇ ಎಂದು ನಾವು ತಿಳಿದಂತಿದೆ. ಆದರೆ ಮನುಷ್ಯ ಮೊದಲಿನಷ್ಟೇ ಉಳಿಯುವುದಿಲ್ಲ; ಪ್ರತಿ ಹುಡುಗನ ಹಿಂದೆ ಅವನ ಆಯುಷ್ಯದ ಒಂದಿಷ್ಟು ಖರ್ಚಾಗುತ್ತದೆ.

ಊರಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮಾಸ್ತರರೊಬ್ಬರಿದ್ದರು. ಮುಂಬಯಿಯಲ್ಲಿ ನೌಕರಿ ಸಿಕ್ಕಿತೆಂದು ಅವರಿಗೆ ಒಂದು ಕಾರ್ಡು ಬರೆಯಬೇಕೆಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತ ವರ್ಷಗಳೇ ಕಳೆದವು. ಈಗ ಬರೆದರೆ ಓದಲು ಅವರಿಲ್ಲ. ಕೋಚ್‌ಗೆ ಹೇಳದೆ ಮಗನನ್ನು ಬಿಡಿಸಿದ್ದು ನನ್ನ ಮೊದಲ ತಪ್ಪೇನಲ್ಲ. ಹಳೆಯ ತಪ್ಪನ್ನೇ ಮತ್ತೊಮ್ಮೆ ಮಾಡಿದ್ದೆ, ಈ ಸಲ ಮಗನಿಗೂ ಕಲಿಸಿಕೊಟ್ಟಿದ್ದೆ.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣ ಹೇಳಿದರು. ಅವುಗಳಲ್ಲಿ ಋಷಿಋಣ ದುಡ್ಡಿನಿಂದ ತೀರುವುದಲ್ಲ. ಕಲಿಯುವುದರಿಂದ, ಕಲಿತದ್ದನ್ನು ಕಲಿಸುವುದರಿಂದ ತೀರುವುದು ಎಂದರು. ಈ ಮಾತಿನ ಅರ್ಥ ನನಗೆ ಆದದ್ದು ಪುಸ್ತಕದಿಂದಲ್ಲ.

ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಹಳೆಯ ಮೈದಾನಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಕೋಚ್ ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಕೆಸರಿನಲ್ಲಿ ಎಂಟು ಹತ್ತು ಪುಟ್ಟ ಹುಡುಗರು ಚೆಂಡಿನ ಹಿಂದೆ ಒಟ್ಟಾಗಿ ಓಡುತ್ತಿದ್ದರು. ಅವರು ಮಗನ ಎಡಗಾಲನ್ನು ಒಮ್ಮೆ ನೋಡಿದರು, ಪಟ್ಟಿ ಕಟ್ಟಿತ್ತು. “ಬಂದೆಯಾ? ಅಂಗಾಲಿನಿಂದ ಚೆಂಡು ನಿಲ್ಲಿಸುವುದು ಹೇಗೆಂದು ಇವರಿಗೆ ತೋರಿಸು” ಎಂದು ಹೇಳಿ ಸೀಟಿ ಊದಿದರು.

ಮಗ ಈಗ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತಾನೆ. ಅವನ ಬಾಕಿ ಎಂದು ತೀರುತ್ತದೋ ನನಗೆ ಗೊತ್ತಿಲ್ಲ, ತೀರಿಸಲು ಶುರುಮಾಡಿದ್ದಾನೆ. ನನ್ನ ಬಾಕಿ ಹಾಗೆಯೇ ಇದೆ. ಕಟ್ಟಡದ ಇಬ್ಬರು ಹುಡುಗರಿಗೆ ಗಣಿತ ಕಷ್ಟವಂತೆ. ಶನಿವಾರ ಸಂಜೆ ಬರಲು ಹೇಳಿದ್ದೇನೆ.