ತಡೆದವನು ಯಾರು?

ಗೋಕರ್ಣದ ಮಹಾಗಣಪತಿಯ ನೆತ್ತಿಯಲ್ಲೊಂದು ಕುಳಿಯಿದೆ. ರಾವಣ ಗುದ್ದಿದ್ದು ಎನ್ನುತ್ತಾರೆ. ಆತ್ಮಲಿಂಗ ಹಿಡಿದು ಲಂಕೆಗೆ ಹೊರಟವನಿಗೆ ದಾರಿಯಲ್ಲಿ ಸಂಧ್ಯಾವಂದನೆಯ ಹೊತ್ತಾಯಿತು. ಲಿಂಗವನ್ನು ವಟುವಿನ ವೇಷದಲ್ಲಿ ಬಂದ ಗಣಪತಿಯ ಕೈಗಿತ್ತ. ವಟು ಮೂರು ಸಲ ಕೂಗಿ ನೆಲಕ್ಕಿಟ್ಟುಬಿಟ್ಟ, ಲಿಂಗ ಅಲ್ಲೇ ಊರಿತು. ಈ ಕಥೆ ಕೇಳುತ್ತಲೇ ಬೆಳೆದ ನಮ್ಮ ಕಡೆಯವರಿಗೆ, ಪ್ರಯಾಣಕ್ಕೆ ಅಡ್ಡಿಯಾದರೆ ಬಾಯಿಗೆ ಬರುವ ಮಾತು ಒಂದೇ: 'ಎಲ್ಲಾ ಒಳ್ಳೇದಕ್ಕೇ.'

2024ರ ಜುಲೈ 16ರ ಬೆಳಿಗ್ಗೆ ನಾನು ಕುಮಟಾದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿದ್ದೆ. ಜಡಿಮಳೆ. ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು, ಅವುಗಳ ಹಿಂದೆ ನಮ್ಮ ಬಸ್ಸೂ ನಿಂತಿತು. ಮುಂದೆ ಶಿರೂರಿನಲ್ಲಿ ಗುಡ್ಡ ಜರಿದಿದೆ ಎಂದು ಸುದ್ದಿ ಬಂತು. ಪಕ್ಕದ ಸೀಟಿನ ಹೆಂಗಸು ಕೈಮುಗಿದರು: "ಬಸ್ಸು ತಡವಾಗಿ ಬಿಟ್ಟದ್ದೇ ನಮ್ಮನ್ನ ಉಳಿಸ್ತು ನೋಡಿ. ಗಣಪತಿನೇ ತಡೆದ." ಸುತ್ತಲಿನವರು ಹೂಂಗುಟ್ಟಿದರು.

ಗುಡ್ಡ ಬಿದ್ದದ್ದು ದಾರಿಬದಿಯ ಚಾ ಅಂಗಡಿಯ ಮೇಲೆ ಎಂದು ಆಮೇಲೆ ತಿಳಿಯಿತು. ಗಾಡಿ ನಿಲ್ಲಿಸಿ ಚಾ ಕುಡಿಯಲು ಇಳಿದವರು, ಅಂಗಡಿ ನಡೆಸುತ್ತಿದ್ದ ಮನೆಯವರು ಮಣ್ಣಿನೊಂದಿಗೆ ಕೊಚ್ಚಿಹೋದರು. ಗಂಗಾವಳಿ ನದಿಯ ಪಾಲಾಗಿದ್ದ ಕೇರಳದ ಚಾಲಕನ ಲಾರಿ, ಅದರೊಳಗೆ ಅವನ ಶವ, ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ತಡವಾದದ್ದರಿಂದ ನಾವು ಉಳಿದೆವು, ದಾರಿಯಲ್ಲಿ ನಿಂತದ್ದರಿಂದ ಅವರು ಹೋದರು. ನಮ್ಮನ್ನು ತಡೆದವನು ಗಣಪತಿಯಾದರೆ ಅವರನ್ನು ಅಲ್ಲಿ ನಿಲ್ಲಿಸಿದವನು ಯಾರು? ಅವರವರ ಕರ್ಮ ಎಂದು ಕೈತೊಳೆದುಕೊಳ್ಳಬಹುದು. ಆದರೆ ಸತ್ತವರ ಪೂರ್ವಜನ್ಮದ ಲೆಕ್ಕಪತ್ರ ನೋಡಿದವರು ಯಾರಿದ್ದಾರೆ? ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದಂತೂ ಈ ಜನ್ಮದ ಲೆಕ್ಕವೇ.

ಗೋಕರ್ಣದ ಕಥೆಯೂ ನಾವಂದುಕೊಂಡಷ್ಟು ಸಲೀಸಲ್ಲ. ಒಂದೇ ತಡೆಯಿಂದ ದೇವತೆಗಳು ಗೆದ್ದರು, ರಾವಣ ಸೋತ. ಅವನೇನು ಪಾಪ ಮಾಡಲು ನಿಂತವನಲ್ಲ, ನಿತ್ಯಕರ್ಮಕ್ಕೆಂದು ನಿಂತವನು. ಮಹಾಬಲೇಶ್ವರನ ದರ್ಶನಕ್ಕೆ ಮೊದಲು ಗಣಪತಿಗೆ ಕೈಮುಗಿಯುವುದು ಅಲ್ಲಿನ ಪದ್ಧತಿ. ನೆತ್ತಿಯ ಆ ಕುಳಿಗೂ ಪೂಜೆ ಸಲ್ಲುತ್ತದೆ. ದಾರಿಯಲ್ಲಿ ಎಲ್ಲ ಕಳೆದುಕೊಂಡವನ ಸಿಟ್ಟಿಗೂ ಗರ್ಭಗುಡಿಯಲ್ಲಿ ಜಾಗವಿದೆ ಎಂದಾಯಿತು. ನಮ್ಮ 'ಎಲ್ಲಾ ಒಳ್ಳೇದಕ್ಕೇ'ಯಲ್ಲಿ ಆ ಜಾಗವಿಲ್ಲ.

ಉಳಿದದ್ದಕ್ಕೆ ಕೈಮುಗಿಯಿರಿ, ತಪ್ಪೇನಿಲ್ಲ. 'ದೇವರು ನಮ್ಮನ್ನು ತಡೆದು ಕಾಪಾಡಿದ' ಎಂದು ನಾಲ್ಕು ಜನರ ಮುಂದೆ ಹೇಳುವಾಗ ಮಾತ್ರ, ಆ ದಿನ ಮನೆಗೆ ಬಾರದವರ ಕಡೆಯವರು ಆ ನಾಲ್ವರಲ್ಲಿ ಇದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ.