ಜೊತೆಗೆ ಯಾರು ಬಂದಿದ್ದಾರೆ?

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರನ್ನು ಕರೆದುಕೊಂಡು ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ಹೋಗಿದ್ದೆ. ಸಾಲಿನಲ್ಲಿ ನಮ್ಮ ಮುಂದೆ ಹತ್ತೊಂಬತ್ತರ ಆಸುಪಾಸಿನ ಒಬ್ಬ ಹುಡುಗ. ಕಾಲಲ್ಲಿ ಜೋಡಿಯಲ್ಲದ ಚಪ್ಪಲಿ, ಮುಷ್ಟಿಯಲ್ಲಿ ಕರ್ಚೀಫು. ಕೌಂಟರಿನವರು ಹೆಸರು, ವಯಸ್ಸು ಬರೆದುಕೊಂಡು, "ಜೊತೆಗೆ ಯಾರು ಬಂದಿದ್ದಾರಪ್ಪ?" ಎಂದರು. ಗದರಿದ್ದಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಹುಡುಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. "ಮನೆಯವರನ್ನ ಕರ್ಕೊಂಡು ಬಾ" ಎಂದರು. ತಲೆಯಾಡಿಸಿ ಹೊರಟುಹೋದ.

ಆ ಕರ್ಚೀಫಿನ ವಾಸನೆ ಪಂಕ್ಚರ್ ಅಂಗಡಿಯ ಮುಂದೆ ನಿಂತವರಿಗೆಲ್ಲ ಗೊತ್ತು. ಟ್ಯೂಬಿಗೆ ಪ್ಯಾಚ್ ಅಂಟಿಸುವ ಸಲ್ಯೂಷನ್. ಅಂಥ ಗೋಂದುಗಳಲ್ಲಿರುವ ಟೊಲುಯೀನ್‌ನಂಥ ದ್ರಾವಕಗಳು ಉಸಿರಿನೊಂದಿಗೆ ಒಳಹೋಗಿ ನೋಡುನೋಡುತ್ತಲೇ ಮಿದುಳಿಗೆ ಏರುತ್ತವೆ. ಹಸಿವು ಮರೆಯುತ್ತದೆ, ಚಳಿ ತಿಳಿಯುವುದಿಲ್ಲ, ರಾತ್ರಿ ಯಾರು ಬಂದು ಎಬ್ಬಿಸುತ್ತಾರೋ ಎಂಬ ದಿಗಿಲು ಸ್ವಲ್ಪ ಹೊತ್ತು ದೂರ ಸರಿಯುತ್ತದೆ. ಮೆಜೆಸ್ಟಿಕ್ಕಿನಲ್ಲೋ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೋ ಮಲಗುವವನಿಗೆ ಊಟ, ಹೊದಿಕೆ, ಬಾಗಿಲ ಚಿಲಕ ಮೂರೂ ಅದೇ. ನಾವು ಅದನ್ನು ಚಟ ಎಂದು ಕರೆದು ಮುಗಿಸುತ್ತೇವೆ. ಎಷ್ಟೋ ಮಕ್ಕಳು ಮನೆಯಲ್ಲಿ ತಿಂದ ಏಟನ್ನೂ ಕುಡಿದು ಬರುವ ಅಪ್ಪನ ಭಯವನ್ನೂ ಹೊತ್ತುಕೊಂಡೇ ರೈಲು ಹತ್ತಿರುತ್ತಾರೆ. ಮನಸ್ಸಿನ ಗಾಯ ಮೊದಲಿನದು, ಸಲ್ಯೂಷನ್ ಆಮೇಲಿನದು. ಬರಬರುತ್ತ ಅದು ಮಿದುಳಿನ ನರತಂತುಗಳ ಹೊದಿಕೆಯನ್ನೇ ಕೆಡಿಸುತ್ತದೆ. ನೆನಪು ಮಸುಕಾಗುತ್ತದೆ, ನಡಿಗೆ ತೂರಾಡುತ್ತದೆ. ಎದೆಬಡಿತ ಏರುಪೇರಾಗಿ ಕೂತಲ್ಲೇ ಜೀವ ಹೋಗುವುದೂ ಉಂಟು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಒಂದೇ ಬಗೆಯ ನಶೆ ಎಂದರೆ ಹೀಗೆ ಮೂಗಿನಿಂದ ಎಳೆಯುವುದು. ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ಶೇ 1.17. ಇದೂ ಮನೆಮನೆಯ ಬಾಗಿಲು ತಟ್ಟಿ ತೆಗೆದ ಲೆಕ್ಕ. ಪ್ಲಾಟ್‌ಫಾರ್ಮಿಗೆ ಬಾಗಿಲೆಲ್ಲಿ?

ಮನೆಯವರನ್ನು ಕೇಳುವುದು ತಪ್ಪೆಂದು ನಾನು ಹೇಳಲಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ, ಅವರನ್ನೂ ಜೊತೆಗಿಟ್ಟುಕೊಂಡು ಚಿಕಿತ್ಸೆ ನಡೆಸಿದರು. ಹೀಗೆ ಮನೆಯವರನ್ನು ಒಳಗೆ ಸೇರಿಸಿಕೊಳ್ಳುವುದು ನಮ್ಮ ದೇಶದ ಮನೋವೈದ್ಯರ ಒಳ್ಳೆಯ ರೂಢಿ. ನನ್ನ ಬಂಧು ಚೇತರಿಸಿಕೊಂಡದ್ದೂ ಹಾಗೆಯೇ. ಮನೆಯೇ ಗಾಯ ಮಾಡಿದವನಿಗೆ ಮಾತ್ರ ಇದೇ ರೂಢಿ ಗೋಡೆಯಾಗಿ ನಿಲ್ಲುತ್ತದೆ.

ಕಾನೂನು ಆ ಗೋಡೆಯನ್ನು ಆಗಲೇ ಕೆಡವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕುಡಿತ ಮತ್ತು ಮಾದಕವಸ್ತುಗಳಿಂದಾಗುವ ಮನಸ್ಸಿನ ತೊಂದರೆಯನ್ನೂ ಕಾಯಿಲೆ ಎಂದೇ ಹೇಳುತ್ತದೆ. ಮನೆಯಿಲ್ಲದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಸಿಗಬೇಕು. ಬಿಪಿಎಲ್ ಕಾರ್ಡು ಕೇಳುವಂತಿಲ್ಲ. ಹದಿನೆಂಟು ತುಂಬಿದ ರೋಗಿ ತನ್ನ ಪರವಾಗಿ ನಿಲ್ಲುವವರು ಯಾರೆಂದು ತಾನೇ ಹೆಸರಿಸಬಹುದು. ರಕ್ತಸಂಬಂಧ ಬೇಕಿಲ್ಲ. ಒಂದು ಬಿಳಿ ಹಾಳೆ, ಅದರ ಮೇಲೆ ಅವನ ಸಹಿ ಅಥವಾ ಹೆಬ್ಬೆಟ್ಟು, ಹೆಸರಿಸಿದವರ ಲಿಖಿತ ಒಪ್ಪಿಗೆ. ಇಷ್ಟೇ.

ಆದರೆ ಆ ಹಾಳೆಯ ಮೇಲೆ ಅವನು ಯಾರ ಹೆಸರು ಬರೆಸಬೇಕು? 1980ರಿಂದ ಬೀದಿಯ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ಬಾಸ್ಕೋ ಸಂಸ್ಥೆಯ ಪೂರ್ತಿ ಹೆಸರು ಬೆಂಗಳೂರು ಓಣಿಯವರ ಸೇವಾಕೂಟ. ಓಣಿಯವರು ಎಂಬ ಮಾತು ನನಗೆ ಬಹಳ ಇಷ್ಟ, ಅದರಲ್ಲಿ ನೆರೆಹೊರೆಯಿದೆ. ಈ ಕೆಲಸದಲ್ಲಿ ಪಳಗಿದವರು ಸಿಕ್ಕ ದಿನವೇ "ಬಿಟ್ಟುಬಿಡು" ಎನ್ನುವುದಿಲ್ಲ. ಪಕ್ಕದಲ್ಲಿ ಕೂರುತ್ತಾರೆ, ಟೀ ಕುಡಿಯುತ್ತಾರೆ, ನಾಳೆ ಬರುತ್ತೇನೆಂದು ಹೇಳಿ ನಾಳೆ ಬರುತ್ತಾರೆ. ಹದಿನೆಂಟರ ಒಳಗಿನವರಾದರೆ 1098 ಮಕ್ಕಳ ಸಹಾಯವಾಣಿ ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಹುಟ್ಟಿದ ದಿನವೇ ನೆನಪಿಲ್ಲದ ಎಷ್ಟೋ ಹುಡುಗರಿಗೆ ಹದಿನೆಂಟು ತುಂಬಿತೆಂದು ಆ ಬಾಗಿಲು ಒಂದು ದಿನ ಮುಚ್ಚುತ್ತದೆ. ಅಲ್ಲಿಂದ ಮುಂದೆ ಅವರು ಹೋಗಿ ನಿಲ್ಲುವುದು ದೊಡ್ಡವರ ಕೌಂಟರಿನ ಮುಂದೆ, ಒಬ್ಬರೇ.

ಹೆಸರು ಬರೆಸುವಷ್ಟು ನಂಬಿಕೆ ಒಂದು ಬೆಳಗಿನಲ್ಲಿ ಹುಟ್ಟುವುದಿಲ್ಲ, ನಿಜ. ಆದರೂ ಆ ಪ್ರಶ್ನೆ ಕೇಳಿ ಅವನು ಹಿಂದಕ್ಕೆ ತಿರುಗಿದಾಗ ಅಲ್ಲಿದ್ದವಳು ನಾನು. ಕೈಯಲ್ಲಿದ್ದ ಟೋಕನ್ ನಂಬರು ನೋಡಿಕೊಳ್ಳುತ್ತಿದ್ದೆ.