ಬಲಿಪೀಠದಿಂದ ಅಣ್ಣನ ಮನೆಗೆ

ಆಗಸ್ಟ್ 30 ಬಂತೆಂದರೆ ನಮ್ಮ ಇಗರ್ಜಿಯ ಅಂಗಳಕ್ಕೆ ಮಕ್ಕಳು ಹೂವು ಹೊತ್ತು ಬರುತ್ತಾರೆ. ದಾಸವಾಳ, ಗೋರಂಟೆ, ಬೇಲಿಯ ಕಾಡು ಹೂವು, ಹಿತ್ತಿಲಲ್ಲಿ ಏನು ಅರಳಿತ್ತೋ ಅದು. ಒಂಬತ್ತು ದಿನ ಬಾಲ ಮರಿಯಮ್ಮನಿಗೆ ಹೂವು ಹಾಕಿದ ಮೇಲೆ, ಸೆಪ್ಟೆಂಬರ್ 8ರಂದು ಆ ತಾಯಿಯ ಜನ್ಮದಿನಕ್ಕೆ ಹೊಸ ತೆನೆ ಮನೆ ಸೇರುತ್ತದೆ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರಾದ ನಮಗೆ ಇದು ಮೊಂತಿ ಹಬ್ಬ. ಗುರುಗಳು ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಭತ್ತ ಸುಲಿದು, ಕಾಳು ಜಜ್ಜಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿಸಿ ಎಲ್ಲರೂ ಅದರಲ್ಲಿ ಒಂದು ಗುಟುಕು ಕುಡಿದ ಮೇಲೆಯೇ ಬಾಳೆಲೆಯ ಊಟ. ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಪರವೂರಿನಲ್ಲಿರುವ ಮನೆಮಂದಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಹೊಸ ಅಕ್ಕಿ ಎಲ್ಲರ ಬಾಯಿಗೂ ಬೀಳಬೇಕು.

ನಾನು ಮುಂಬೈಯಲ್ಲಿದ್ದ ಅಷ್ಟೂ ವರ್ಷ ಅಣ್ಣ ಆ ಲಕೋಟೆ ಕಳಿಸುತ್ತಿದ್ದ. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅವಳನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಗಂಜಿ ಕುಡಿಸಿದವರು ಅಣ್ಣ, ಅತ್ತಿಗೆ. ನಾನು ಹಣ ಕಳಿಸುತ್ತಿದ್ದೆ, ಫೋನು ಮಾಡುತ್ತಿದ್ದೆ. ಅಮ್ಮ ತೀರಿಕೊಂಡ ದಿನ ಬಂದಿಳಿದವಳು, ನೆಂಟರೆಲ್ಲ ಸೇರಿದ್ದ ಚಾವಡಿಯಲ್ಲಿ, ‘ಮೊದಲೇ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರೆ ಅಮ್ಮ ಉಳಿಯುತ್ತಿದ್ದಳು’ ಎಂದುಬಿಟ್ಟೆ. ಅಣ್ಣ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅವನ ಮಾತು ಕೇಳಿದ್ದಕ್ಕೆ ಉತ್ತರ ಕೊಡುವಷ್ಟಕ್ಕೆ ಇಳಿಯಿತು.

ನಾನು ಊರಿಗೇ ಮರಳಿ ಬಂದೆ. ಪ್ರತಿ ಭಾನುವಾರ ಅದೇ ಇಗರ್ಜಿ, ಅವನು ಆ ಬದಿಯ ಬೆಂಚು, ನಾನು ಈ ಬದಿಯದು. ಪರಮಪ್ರಸಾದಕ್ಕೆ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತು ಬರುತ್ತದಲ್ಲ, ಆಗ ನಾನು ಎಡಕ್ಕೆ ತಿರುಗಿ ಕೈಮುಗಿಯುತ್ತಿದ್ದೆ, ಬಲಕ್ಕೆ ತಿರುಗಿ ಕೈಮುಗಿಯುತ್ತಿದ್ದೆ. ಹೆಸರೂ ಗೊತ್ತಿಲ್ಲದವರಿಗೆ ನಗುನಗುತ್ತ ಶಾಂತಿ ಕೊಡುತ್ತಿದ್ದೆ. ಆ ಬದಿಯ ಬೆಂಚಿನತ್ತ ಮಾತ್ರ ಕಣ್ಣು ಹಾಯುತ್ತಿರಲಿಲ್ಲ.

ಈ ಶಾಂತಿ ಕೋರುವ ಕ್ರಮ ಬಹಳ ಹಳೆಯದು. ಆದಿ ಕ್ರೈಸ್ತರು ಪರಸ್ಪರ ಮುತ್ತಿಟ್ಟು ಇದನ್ನು ಆಚರಿಸುತ್ತಿದ್ದರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿ, 1950ರಲ್ಲಿ ತನ್ನದೇ ಆರಾಧನಾ ಕ್ರಮವನ್ನು ರೂಪಿಸಿಕೊಂಡಾಗ, ಕೇರಳದ ಸಿರಿಯನ್ ಕ್ರೈಸ್ತರ ರೂಢಿಯಿಂದ ಕೈಯಿಂದ ಕೈಗೆ ಶಾಂತಿ ದಾಟಿಸುವ ಪದ್ಧತಿಯನ್ನು ತೆಗೆದುಕೊಂಡಿತು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ನಮ್ಮ ಬಲಿಪೂಜೆಯಲ್ಲೂ ಅದು ಜನರ ನಡುವೆ ಬಂತು. ರೊಟ್ಟಿ ಮುರಿಯುವ ಮೊದಲು, ಪ್ರಸಾದ ಸ್ವೀಕರಿಸುವ ಮೊದಲು ಪಕ್ಕದವರ ಮುಖ ನೋಡು ಎಂದು ಸಭೆಗಳು ಮತ್ತೆ ಕಲಿತವು. ನಾನು ನೋಡಿದ್ದು ಕಷ್ಟವಿಲ್ಲದ ಮುಖಗಳನ್ನಷ್ಟೇ.

ಪರ್ವತ ಪ್ರಸಂಗದಲ್ಲಿ, ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ, ಯೇಸು ಹೇಳಿದ ಒಂದು ಮಾತಿದೆ. ಕಾಣಿಕೆ ಹಿಡಿದು ಬಲಿಪೀಠದ ಬಳಿ ನಿಂತಿದ್ದೀಯ. ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂಬುದು ಆಗ ನೆನಪಾಯಿತು. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಡನೆ ಒಂದಾಗು, ಆಮೇಲೆ ಬಂದು ಅರ್ಪಿಸು ಎಂಬುದು ಅದರ ಸಾರ. ಎಷ್ಟು ಸಲ ಕೇಳಿದ್ದೆನೋ. ಒಂದು ಸಲ ನಿಧಾನವಾಗಿ ಓದುವಾಗ ಎರಡು ಸಂಗತಿಗಳು ಮನಸ್ಸಿಗೆ ನಾಟಿದವು.

ಮೊದಲನೆಯದು ದೂರ. ಕೇಳುತ್ತಿದ್ದವರಲ್ಲಿ ಬಹಳ ಮಂದಿ ಗಲಿಲಾಯದವರು. ಬಲಿಪೀಠ ಇದ್ದದ್ದು ಜೆರುಸಲೇಮಿನ ದೇವಾಲಯದಲ್ಲಿ. ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್, ಮೂರು ನಾಲ್ಕು ದಿನಗಳ ಕಾಲ್ನಡಿಗೆ. ಕಾಣಿಕೆ ಬಿಟ್ಟು ಹೋಗು ಎಂದರೆ ಅಷ್ಟೂ ದಾರಿ ಮರಳಿ ನಡೆದು, ಮನೆಬಾಗಿಲು ತಟ್ಟಿ, ಮತ್ತೆ ಅಷ್ಟೇ ದಾರಿ ಸವೆಸಿ ಬಾ ಎಂದರ್ಥ. ಅಲ್ಲಿಯವರೆಗೆ ದೇವರು ಕಾಯುತ್ತಾನೆ. ನನ್ನ ಅಣ್ಣನ ಮನೆ ಎರಡು ಕಿಲೋಮೀಟರ್ ಕೂಡ ಇರಲಿಲ್ಲ.

ಎರಡನೆಯದು ಇನ್ನೂ ಕಠಿಣ. ನಿನಗೆ ಸೋದರನ ಮೇಲೆ ಕೋಪವಿದ್ದರೆ ಎಂದು ಯೇಸು ಅಲ್ಲಿ ಹೇಳುತ್ತಿಲ್ಲ. ಸೋದರನಿಗೆ ನಿನ್ನ ಮೇಲೆ ನೋವಿದ್ದರೆ ಎನ್ನುತ್ತಿದ್ದಾರೆ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ನಾನು ಯಾವಾಗಲೋ ಮರೆತೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ನಿಜವೇ, ನಾನು ಮರೆತಿದ್ದೆ. ಚುಚ್ಚಿದವರಿಗೆ ಮರೆಯುವುದು ಸುಲಭ. ನೋವು ಎಲ್ಲಿ ಉಳಿದಿದೆಯೋ ಅಲ್ಲಿಗೆ ನಾನು ನಡೆದು ಹೋಗಬೇಕಿತ್ತು.

ಆ ವರ್ಷವೂ ಹಬ್ಬದ ಬೆಳಿಗ್ಗೆ ಅಣ್ಣನ ಮನೆಯಿಂದ ಕಾಳಿನ ಪೊಟ್ಟಣ ಬಂತು. ಮಾತು ನಿಂತಿದ್ದ ಎಲ್ಲ ವರ್ಷಗಳಲ್ಲೂ ಅದು ಬರುತ್ತಲೇ ಇತ್ತು. ಮುಂಬೈಗೆ ಬಂದ ಕೊನೆಯ ಲಕೋಟೆಗಳಲ್ಲಿ ಕಾಗದವಿರುತ್ತಿರಲಿಲ್ಲ, ಕಾಳು ಇರುತ್ತಿತ್ತು. ನಾನು ಅದನ್ನು ರೂಢಿ ಎಂದುಕೊಂಡಿದ್ದೆ. ಅಂದು ಪೊಟ್ಟಣ ಬಿಚ್ಚಿದಾಗ ಅರ್ಥವಾಯಿತು: ನನ್ನ ಮಾತಿನಿಂದ ನೊಂದವನು ನನ್ನನ್ನು ಮನೆಯವರ ಲೆಕ್ಕದಿಂದ ಒಮ್ಮೆಯೂ ತೆಗೆದಿರಲಿಲ್ಲ. ಪೊಟ್ಟಣವನ್ನು ಹಾಗೇ ಹಿಡಿದುಕೊಂಡು ಹೊರಟೆ.

ಅಣ್ಣ ಜಗಲಿಯಲ್ಲಿ ಕೂತು ಉಗುರಿನಿಂದ ಭತ್ತ ಸುಲಿಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಯಿತು. ‘ಅಣ್ಣಾ, ಅವತ್ತು ನಾನು ಹಾಗೆ ಹೇಳಬಾರದಿತ್ತು. ಅಮ್ಮನನ್ನು ನೋಡಿಕೊಂಡದ್ದು ನೀನು’ ಎಂದಷ್ಟೇ ಹೇಳಿದೆ. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಒಂದು ತೆನೆಯನ್ನು ನನ್ನ ಕಡೆ ಸರಿಸಿದ. ನಾನು ಕೂತು ಸುಲಿಯತೊಡಗಿದೆ.

ನಾಲ್ಕು ವರ್ಷದ ಗಾಯ ಒಂದು ಮಧ್ಯಾಹ್ನದ ಊಟಕ್ಕೆ ಮಾಯುವುದಿಲ್ಲ. ಈಗಲೂ ಅಮ್ಮನ ಮಾತು ಬಂದಾಗ ಇಬ್ಬರೂ ಎಚ್ಚರದಿಂದ ಹೆಜ್ಜೆಯಿಡುತ್ತೇವೆ. ಆದರೆ ಅಂದಿನಿಂದ ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ: ಇವತ್ತು ನನ್ನಿಂದ ನೊಂದವರು ಯಾರು? ಪಾಪನಿವೇದನೆಗೆ ಮುಂಚೆ ನಾವು ಮುರಿದ ಕಟ್ಟಳೆಗಳನ್ನು ಎಣಿಸುತ್ತೇವೆ. ಕಟ್ಟಳೆಯ ಹಿಂದೆ ಒಂದು ಮುಖ ಇರುತ್ತದೆ. ಸಂಬಳ ಎರಡು ದಿನ ತಡವಾದರೂ ಬಾಯಿಬಿಡದ ಮನೆಕೆಲಸದವಳು. ನಮ್ಮ ಬಚ್ಚಲ ನೀರು ಹರಿದು ಅಂಗಳ ಕೆಸರಾಗಿರುವ ನೆರೆಯವರು. ಎಲ್ಲರೆದುರು ನಾನು ತಿದ್ದಿದ ಕಿರಿಯ ಸಹೋದ್ಯೋಗಿ. ಇವರ ಬಾಗಿಲಿಗೆ ಹೋಗುವ ದಾರಿಯೂ ಬಲಿಪೀಠಕ್ಕೆ ಹೋಗುವ ದಾರಿಯೇ.

ನಮ್ಮ ಹಿರಿಯರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರು. 1799ರವರೆಗೆ, ಹದಿನೈದು ವರ್ಷ, ತಮ್ಮ ಊರಿನ ಇಗರ್ಜಿಯ ಗಂಟೆ ಅವರ ಕಿವಿಗೆ ಬೀಳಲಿಲ್ಲ. ಆದರೂ ಮರಳಿ ಬಂದವರ ಜೊತೆ ವಿಶ್ವಾಸವೂ ಮರಳಿತು. ಇಗರ್ಜಿ ಇಲ್ಲದಾಗ ಅದು ಬದುಕಿದ್ದು ಒಬ್ಬರನ್ನೊಬ್ಬರು ಹಿಡಿದುಕೊಂಡ ಮನೆಮಂದಿಯ ನಡುವೆ ಎಂದು ನಾನು ನಂಬುತ್ತೇನೆ.

ಆ ಹಬ್ಬದ ಸಂಜೆ ಅಣ್ಣನ ಮನೆಯಲ್ಲೇ ಜಪಸರ ಮುಗಿಯಿತು. ನಮ್ಮಲ್ಲಿ ಜಪಸರವಾದ ಮೇಲೆ ಕಿರಿಯರು ಹಿರಿಯರೆದುರು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಅಣ್ಣನ ಮಕ್ಕಳು ಅಪ್ಪ ಅಮ್ಮನ ಬೆಸಾಂವ್ ಪಡೆದು ನನ್ನ ಮುಂದೆ ಬಂದು ನಿಂತರು. ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎಂದು ಅವರ ತಲೆ ಮುಟ್ಟಿದೆ. ಆಮೇಲೆ ನಾನೇ ಎದ್ದು ಹೋಗಿ ಅಣ್ಣನ ಮುಂದೆ ಕೈಮುಗಿದೆ.